ಹುಚ್ಚುನಾಯಿಯ ಕಡಿತವೂ ಕೂನೂರಿನ ದಾರಿಯೂ

ಮೈಸೂರಿನಿಂದ ಹೊರಟು ನಂಜನಗೂಡನ್ನು ಹಾದು ಗುಂಡ್ಲುಪೇಟೆಗೆ ಬರುವ ಹೆದ್ದಾರಿಯು ಅಲ್ಲಿ ಎರಡು ಕವಲಾಗುತ್ತದೆ. ಒಂದು ಕವಲು ಪಶ್ಚಿಮಕ್ಕೆ ತಿರುಗಿ ವೈನಾಡಿನ ಕಡೆಗೆ ಹೋಗುವುದು. ಇನ್ನೊಂದು ಹಂಗಳದ ಮೇಲೆ ಸಾಗಿ, ಬಂಡೀಪುರದ ಕಾಡನ್ನು ಹೊಕ್ಕು, ಮೋಯಾರ್ ಹೊಳೆಯನ್ನು ದಾಟಿ, ನೀಲಗಿರಿಯನ್ನೇರಿ ಉದಕಮಂಡಲವನ್ನೂ ಅದರಾಚೆಯ ಕೂನೂರನ್ನೂ ಮುಟ್ಟುವುದು. ಈ ದಾರಿಯೆಂದೊಡನೆ ನಮಗೆ ಕಾಡೂ ಕಾಡುಮೃಗಗಳೂ ನೆನಪಿಗೆ ಬರುವುದು ಸಹಜ. ೧೯೩೧ರಲ್ಲಿ ಮೈಸೂರಿನ ಅರಸರು ಇಲ್ಲಿ ಮೃಗಗಳಿಗೆ ರಕ್ಷಣೆಯನ್ನು ಕೊಟ್ಟುದು, ೧೯೪೧ರಲ್ಲಿ ಅದು ವೇಣುಗೋಪಾಲ ವನ್ಯಮೃಗೋದ್ಯಾನವಾಗಿ ವಿಸ್ತಾರಗೊಂಡುದು, ೧೯೭೩ರಲ್ಲಿ ಹುಲಿ ಸಂರಕ್ಷಣೆಯ ಯೋಜನೆಗೆ ಸೇರಿದುದು ಎಲ್ಲರೂ ಬಲ್ಲ ಸಂಗತಿಗಳು.

ಪ್ರಸ್ತುತ ಲೇಖನದಲ್ಲಿ ಇದೇ ದಾರಿಯನ್ನು ಬೇರೊಂದು ಕಡೆಯಿಂದ ನೋಡಲು ಯತ್ನಿಸಿದೆ. ಹುಚ್ಚುನಾಯಿಯಿಂದ ಕಡಿಸಿಕೊಂಡವರಿಗೆ ಬದುಕುವ ಭರವಸೆಯನ್ನೀಯುವ ಮದ್ದು ದಕ್ಷಿಣ ದೇಶದಲ್ಲಿ ಮೊದಲು ದೊರೆತುದು, ೧೯೦೭ರಲ್ಲಿ, ಈ ದಾರಿಯ ಕೊನೆಯಲ್ಲಿರುವ ಕೂನೂರಿನಲ್ಲಿ. ಈ ಕಡಿತಕ್ಕೆ ಹೆಚ್ಚಾಗಿ ಸಿಕ್ಕುವವರು ಮಕ್ಕಳು. ಈ ರೋಗದಿಂದ ಸಾಯುವವರಲ್ಲಿ ನೂರಕ್ಕೆ ೪೦ ಮಂದಿ ೧೫ ವರ್ಷದೊಳಗಿನವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ. ಮಗುವಿನ ಗಾಯಕ್ಕೂ ಮದ್ದಿಗೂ ನಡುವೆ ಇದ್ದ ದೂರವೆಷ್ಟು, ಆ ದೂರವನ್ನು ಯಾರು ಯಾರು ಕೂಡಿ ಕಡಮೆ ಮಾಡಿದರು, ಇನ್ನೂ ಉಳಿದಿರುವುದೆಷ್ಟು ಎಂಬುದೇ ಇಲ್ಲಿಯ ವಿಚಾರ.

೧

ಈ ರೋಗವನ್ನು ನಮ್ಮ ಪ್ರಾಚೀನರು ಚೆನ್ನಾಗಿ ಗುರುತಿಸಿದ್ದರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ವಿಷವು ಅಲರ್ಕವಿಷವೆಂಬ ಹೆಸರಿನಿಂದ ವರ್ಣಿತವಾಗಿದೆ. ನಾಯಿಯಲ್ಲದೆ ನರಿ ಮೊದಲಾದ ಮೃಗಗಳಿಗೂ ಈ ಹುಚ್ಚು ಹಿಡಿಯುವುದೆಂದು ಆ ಗ್ರಂಥವು ಹೇಳುತ್ತದೆ. ನೀರನ್ನು ಕಂಡು ಬೆದರುವ ಲಕ್ಷಣವನ್ನು ಜಲತ್ರಾಸವೆಂದು ಕರೆದು, ಆ ಸ್ಥಿತಿಗೆ ಬಂದವನು ಉಳಿಯುವುದಿಲ್ಲವೆಂದು ಅದು ಸ್ಪಷ್ಟವಾಗಿ ನಿರ್ಣಯಿಸುತ್ತದೆ. ಚಿಕಿತ್ಸೆಯ ಮೊದಲ ಕ್ರಮವಾಗಿ ಹೇಳಿರುವುದು ಕಡಿದ ಜಾಗದಿಂದ ರಕ್ತವನ್ನು ಹೊರಡಿಸಿ ಕಾದ ತುಪ್ಪದಿಂದ ಸುಡುವುದು. ಈ ಉಪಾಯವನ್ನು ಇಂದು ಯಾರೂ ಅನುಸರಿಸತಕ್ಕದ್ದಲ್ಲ. ಆದರೆ ವಿಷವು ಮೈಯೊಳಗೆ ನಡೆಯುವುದಕ್ಕೆ ಮುಂಚೆ ಅದನ್ನು ಗಾಯದಲ್ಲಿಯೇ ತಡೆಯಬೇಕೆಂಬ ತಿಳಿವಳಿಕೆಯು ಅದರಲ್ಲಿ ಇರುವುದನ್ನು ನಾವು ಗಮನಿಸಬೇಕು.

ಕನ್ನಡದಲ್ಲಿಯೂ ವಿಷವೈದ್ಯಕ್ಕೆ ಸ್ವತಂತ್ರವಾದ ಗ್ರಂಥವುಂಟು. ೧೪ನೆಯ ಶತಮಾನದಲ್ಲಿದ್ದ ಮಂಗರಾಜನ ಖಗೇಂದ್ರಮಣಿದರ್ಪಣವು ಸಾಹಿತ್ಯದ ಅಧ್ಯಾಪಕರಿಗೆ ಅಪರಿಚಿತವಲ್ಲ. ಗಿಡಮೂಲಿಕೆ ಮೊದಲಾದುವುಗಳ ಸ್ಥಾವರವಿಷ, ಪ್ರಾಣಿಗಳ ಜಂಗಮವಿಷ ಎಂಬ ವಿಭಾಗವನ್ನು ಕವಿಯು ಸ್ವೀಕರಿಸಿ ಪದ್ಯರೂಪದಲ್ಲಿ ಪ್ರತೀಕಾರಗಳನ್ನು ಹೇಳಿದ್ದಾನೆ. ವೈದ್ಯವನ್ನು ದೇಶಭಾಷೆಯಲ್ಲಿ, ಅದರಲ್ಲಿಯೂ ಬಾಯಿಪಾಠಕ್ಕೆ ಒಗ್ಗುವ ಪದ್ಯದಲ್ಲಿ, ಬರೆದುದಕ್ಕೆ ಒಂದು ಪ್ರಯೋಜನವಿದೆ. ವಿಷದ ಕಡಿತವಾದಾಗ ದೂರದ ವೈದ್ಯನನ್ನು ಕರೆತರಲು ಹೊತ್ತಿರುವುದಿಲ್ಲ. ಊರಿನಲ್ಲಿ ಒಬ್ಬನಿಗಾದರೂ ಮದ್ದು ಬಾಯಿಗೆ ಬರಬೇಕು. ಗಾಯಕ್ಕೂ ಮದ್ದಿಗೂ ನಡುವಣ ದೂರವನ್ನು ಕಡಮೆ ಮಾಡುವ ಒಂದು ಬಗೆಯ ಯತ್ನವೆಂದೂ ಆ ಗ್ರಂಥವನ್ನು ಓದಬಹುದು. ಆದರೂ ಹುಚ್ಚುನಾಯಿಯ ವಿಷಕ್ಕೆ ನಿಜವಾದ ಪ್ರತೀಕಾರವು ಪ್ರಪಂಚದ ಯಾವ ಭಾಷೆಯ ಗ್ರಂಥದಲ್ಲಿಯೂ ೧೮೮೫ಕ್ಕೆ ಮೊದಲು ಇರಲಿಲ್ಲ.

೨

ಆ ವರ್ಷದ ಜುಲೈ ೬ರಂದು ಪ್ಯಾರಿಸ್ ನಗರದಲ್ಲಿ ಲೂಯಿ ಪಾಶ್ಚರನು ಈ ಮದ್ದನ್ನು ಮೊದಲು ಪ್ರಯೋಗಿಸಿದುದು ಒಂಬತ್ತು ವರ್ಷದ ಬಾಲಕನ ಮೇಲೆ. ಜೋಸೆಫ್ ಮೈಸ್ಟರನೆಂಬ ಆ ಹುಡುಗನನ್ನು ಎರಡು ದಿನ ಮುಂಚೆ ಆಲ್ಸೇಸ್ ಪ್ರಾಂತದ ತನ್ನ ಊರಿನ ಬಳಿ ನಾಯಿ ಕಡಿದಿತ್ತು. ತಾಯಿಯು ಅವನನ್ನು ಕರೆದುಕೊಂಡು ಪ್ಯಾರಿಸಿಗೆ ಬಂದಿದ್ದಳು. ಹುಡುಗನು ಉಳಿದನು. ಅದೇ ವರ್ಷದ ಶರತ್ಕಾಲದಲ್ಲಿ ಮತ್ತೊಬ್ಬ ಬಾಲಿಕೆಯನ್ನು ಕಡಿತವಾದ ೩೭ನೆಯ ದಿನ ಕರೆತಂದರು. ಹತ್ತು ವರ್ಷದ ಆ ಹುಡುಗಿಗೆ ಅದೇ ಮದ್ದನ್ನು ಕೊಟ್ಟರೂ ಆಕೆ ಬದುಕಲಿಲ್ಲ. ಈ ಎರಡು ಪ್ರಸಂಗಗಳ ನಡುವೆ ಮದ್ದಿನಲ್ಲಿ ಭೇದವಿರಲಿಲ್ಲ, ಭೇದವಿದ್ದುದು ಕಾಲದಲ್ಲಿ.

ಇದರ ಕಾರಣವು ರೋಗದ ನಡೆಯಲ್ಲಿದೆ. ವಿಷಾಣುವು ಗಾಯದಲ್ಲಿ ಹೊಕ್ಕು ನರಗಳ ದಾರಿಯಾಗಿ ಮೆಲ್ಲಮೆಲ್ಲನೆ ಮಿದುಳಿನ ಕಡೆಗೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುವುದು. ಮುಖ, ಕುತ್ತಿಗೆ, ಕೈಗಳ ಗಾಯವಾದರೆ ಆ ಅವಧಿಯು ಇನ್ನೂ ಕಡಮೆ. ಮಗುವಿನ ಎತ್ತರವು ನಾಯಿಯ ಬಾಯಿಗೆ ಹತ್ತಿರವಾದುದರಿಂದ ಮಕ್ಕಳಿಗೆ ತಲೆಯ ಮೇಲೂ ಮುಖದ ಮೇಲೂ ಗಾಯವಾಗುವುದು ಹೆಚ್ಚು. ರೋಗಲಕ್ಷಣವು ಕಾಣಿಸಿಕೊಂಡ ಮೇಲೆ ಸಾವು ಬಹುಮಟ್ಟಿಗೆ ನಿಶ್ಚಿತ. ಆದುದರಿಂದ ಕಡಿತಕ್ಕೂ ಲಕ್ಷಣಕ್ಕೂ ನಡುವಣ ಅವಧಿಯೇ ಚಿಕಿತ್ಸೆಗಿರುವ ಏಕಮಾತ್ರ ಅವಕಾಶ.

ಪಾಶ್ಚರನ ಮದ್ದು ಮೊಲದ ಬೆನ್ನುಹುರಿಯನ್ನು ಒಣಗಿಸಿ ಸಿದ್ಧಪಡಿಸಿದುದಾಗಿತ್ತು. ಅದನ್ನು ದಿನದಿನಕ್ಕೆ ಅಣಿಗೊಳಿಸಬೇಕಾಗಿದ್ದುದರಿಂದ ದೂರದ ಊರಿಗೆ ಕಳುಹಿಸುವಂತಿರಲಿಲ್ಲ. ಮದ್ದಿದ್ದ ಸ್ಥಳಕ್ಕೆ ರೋಗಿಯೇ ಬರಬೇಕಾಗಿತ್ತು. ೧೮೮೫ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂವಾರ್ಕ್ ಪಟ್ಟಣದ ನಾಲ್ವರು ಬಾಲಕರನ್ನು ಜನರು ಚಂದಾ ಎತ್ತಿ ಸಮುದ್ರ ದಾಟಿಸಿ ಪ್ಯಾರಿಸಿಗೆ ಕಳುಹಿಸಿದರು. ಪತ್ರಿಕೆ, ವೈದ್ಯರು, ದಾನಿಗಳು ಕೂಡಿ ಮಾಡಿದ ಈ ಕಾರ್ಯದಲ್ಲಿ ಒಂದು ಪಾಠವಿದೆ. ಮಗುವಿನ ತುರ್ತು ಚಿಕಿತ್ಸೆಯು ಒಂದು ಕುಟುಂಬದ ಶಕ್ತಿಗೆ ಮೀರಿದುದು. ಅದಕ್ಕೆ ಹಲವರ ಕೈ ಕೂಡಬೇಕು.

೩

ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆಯು ೧೯೦೦ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ತೆರೆಯಿತು. ದಕ್ಷಿಣದವರಿಗೆ ಕಸೌಲಿಯು ಪ್ಯಾರಿಸಿಗಿಂತ ಹತ್ತಿರವೆಂಬುದು ನಿಜವಾದರೂ, ಗಾಯಗೊಂಡ ಮಗುವಿಗೆ ಅದು ಬಹುದೂರವೇ. ೧೯೦೨ರಲ್ಲಿ ಐರೋಪ್ಯ ತರುಣಿಯೊಬ್ಬಳು ಈ ರೋಗದಿಂದ ಮೃತಳಾದುದು ದಕ್ಷಿಣಕ್ಕೊಂದು ಸಂಸ್ಥೆ ಬೇಕೆಂಬ ಕೂಗನ್ನು ಬಲಪಡಿಸಿತು. ಹೆಸರಿಲ್ಲದ ಎಷ್ಟೋ ಹಳ್ಳಿಯ ಮಕ್ಕಳ ಸಾವು ಕೇಳಿಸದಿದ್ದೆಡೆಯಲ್ಲಿ ಒಂದು ಸಾವು ಕೇಳಿಸಿತೆಂಬುದನ್ನು ಚರಿತ್ರಕಾರನು ಮರೆಯಲಾಗದು. ಅಮೆರಿಕದ ಶ್ರೀಮಂತನಾದ ಹೆನ್ರಿ ಫಿಪ್ಸನು ಲಾರ್ಡ್ ಕರ್ಜನನ ಕೈಗೆ ಒಪ್ಪಿಸಿದ ದಾನದಲ್ಲಿ ಒಂದು ಭಾಗವು ಪೂಸಾದ ಕೃಷಿಸಂಶೋಧನಾಲಯಕ್ಕೂ ಇನ್ನೊಂದು ಭಾಗವು ಈ ಕಾರ್ಯಕ್ಕೂ ವಿನಿಯೋಗವಾಯಿತು. ೧೯೦೭ರ ಏಪ್ರಿಲಿನಲ್ಲಿ ಕೂನೂರಿನ ಸಂಸ್ಥೆಯು ಕೆಲಸಕ್ಕೆ ತೊಡಗಿತು.

ಗುಂಡ್ಲುಪೇಟೆಯ ಸೀಮೆಗೆ ಇದರಿಂದಾದ ವ್ಯತ್ಯಾಸವನ್ನು ಭೂಪಟವೇ ಹೇಳುತ್ತದೆ. ಕೂನೂರಿಗೆ ಮೇಟ್ಟುಪಾಳ್ಯದ ಕಡೆಯಿಂದ ೧೮೯೯ರಲ್ಲಿಯೇ ರೈಲು ಬಂದಿತ್ತು. ಆದರೆ ಮೈಸೂರು ಕಡೆಯಿಂದ ರೈಲಿನಲ್ಲಿ ಹೋಗುವವನು ಬೆಂಗಳೂರು, ಜೋಲಾರಪೇಟೆ, ಈರೋಡುಗಳನ್ನು ಬಳಸಿಕೊಂಡು ಹೋಗಬೇಕಾಗಿತ್ತು. ನಂಜನಗೂಡಿಗೆ ೧೮೯೧ರಲ್ಲಿಯೂ ಚಾಮರಾಜನಗರಕ್ಕೆ ೧೯೨೬ರಲ್ಲಿಯೂ ರೈಲು ಬಂದರೂ ಗುಂಡ್ಲುಪೇಟೆಗೆ ಬರಲೇ ಇಲ್ಲ. ಇಲ್ಲಿಯವರಿಗೆ ನೇರವಾದ ಹಾದಿಯೆಂದರೆ ಬಂಡೀಪುರದ ಕಾಡುದಾರಿಯೊಂದೇ. ಆ ದಾರಿಯಲ್ಲಿ ಹೋದರೂ ಕೆಲಸ ಮುಗಿಯುವಂತಿರಲಿಲ್ಲ. ಚಿಕಿತ್ಸೆಯು ದಿನದಿನವೂ ನಡೆಯಬೇಕಾದುದರಿಂದ ಹಲವು ದಿನ ಅಲ್ಲಿಯೇ ನಿಲ್ಲಬೇಕು. ಮಗುವಿನ ಜೊತೆಗೆ ದೊಡ್ಡವರೊಬ್ಬರು ಇರಬೇಕು. ಅಷ್ಟು ದಿನ ಹೊಲದ ಕೆಲಸ ನಿಲ್ಲಬೇಕು. ಚಳಿಯ ನಾಡಿನಲ್ಲಿ ಊಟವಸತಿಗಳಾಗಬೇಕು. ಮದ್ದು ಉಚಿತವಾದರೂ ಮದ್ದಿನ ದಾರಿ ಉಚಿತವಲ್ಲ.

೪

ಈ ಗಂಟನ್ನು ಸಡಿಲಿಸಿದುದು ಕಸೌಲಿಯ ಡೇವಿಡ್ ಸೆಂಪಲ್ಲನ ಶೋಧನೆ. ೧೯೧೧ರ ಸುಮಾರಿಗೆ ಆತನು ಕುರಿಯ ಮಿದುಳಿನಲ್ಲಿ ಬೆಳೆದ ವಿಷಾಣುವನ್ನು ಕಾರ್ಬಾಲಿಕ್ ಆಮ್ಲದಿಂದ ನಿರ್ಜೀವಗೊಳಿಸಿ ಹೊಸ ಮದ್ದನ್ನು ಸಿದ್ಧಪಡಿಸಿದನು. ಅದನ್ನು ಸೀಸೆಗಳಲ್ಲಿ ತುಂಬಿ ಊರೂರಿಗೆ ಕಳುಹಿಸಬಹುದಾಗಿತ್ತು. ಅಂದಿನಿಂದ ರೋಗಿಯು ಮದ್ದಿನ ಬಳಿಗೆ ಹೋಗುವ ಪದ್ಧತಿಯು ಕ್ರಮೇಣ ಹಿಂದೆ ಸರಿದು, ಮದ್ದೇ ರೋಗಿಯ ಬಳಿಗೆ ಬರುವ ಪದ್ಧತಿಯು ಮುಂದೆ ಬಂದಿತು.

ಆದರೆ ಹೊಸ ಮದ್ದಿನೊಡನೆ ಹೊಸ ದೂರವೊಂದು ಹುಟ್ಟಿತು. ಅದು ಭಯದ ದೂರ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತು ನಮ್ಮ ನಾಡಿನ ಮನೆಮನೆಯಲ್ಲಿ ಉಳಿದುಬಂದಿದೆ. ಹೊಟ್ಟೆಯ ಮೇಲೆ ದಿನವೂ ಚುಚ್ಚಿಸಿಕೊಳ್ಳಬೇಕೆಂಬ ಹೆದರಿಕೆಯಿಂದ ಕಡಿತವನ್ನೇ ಮುಚ್ಚಿಟ್ಟ ಮಕ್ಕಳಿಗೆ ಲೆಕ್ಕವಿರಲಾರದು. ಮಿದುಳಿನ ಅಂಶವಿದ್ದ ಆ ಮದ್ದಿನಿಂದ ಕೆಲವರಿಗೆ ಪಾರ್ಶ್ವವಾಯುವಿನಂತಹ ತೊಂದರೆಗಳೂ ಉಂಟಾಗುತ್ತಿದ್ದುವು. ಹಾಗಿದ್ದರೂ ಅದು ಲಕ್ಷಾಂತರ ಜನರನ್ನು ಕಾಪಾಡಿತೆಂಬುದನ್ನು ಅಲ್ಲಗಳೆಯಲಾಗದು. ಭಾರತದಲ್ಲಿ ಅದರ ತಯಾರಿಕೆಯು ೨೦೦೪ರ ಅಂತ್ಯದಲ್ಲಿ ನಿಂತಿತು. ಜೀವಕೋಶಗಳಲ್ಲಿ ಬೆಳೆಸಿದ ನಿರಪಾಯವಾದ ಲಸಿಕೆಯು ಅದರ ಸ್ಥಾನಕ್ಕೆ ಬಂದಿತು.

ಆ ಲಸಿಕೆಯ ಬೆಲೆ ಹೆಚ್ಚು. ಚರ್ಮದ ಪದರದೊಳಗೆ ೦.೧ ಮಿಲಿಲೀಟರಿನಂತೆ ಎರಡು ಕಡೆ ಚುಚ್ಚುವ ಕ್ರಮಕ್ಕೆ ೨೦೦೬ರಲ್ಲಿ ಒಪ್ಪಿಗೆ ದೊರೆತುದರಿಂದ ಒಬ್ಬನಿಗೆ ಸಲ್ಲುತ್ತಿದ್ದ ಸೀಸೆಯು ಹಲವರಿಗೆ ಒದಗುವಂತಾಯಿತು. ಕಡಿತದ ದಿನ, ೩ನೆಯ, ೭ನೆಯ ಹಾಗೂ ೨೮ನೆಯ ದಿನ, ಹೀಗೆ ನಾಲ್ಕು ಸರದಿ ತೋಳಿನ ಮೇಲೆ. ಹೊಕ್ಕುಳಿನ ಮಾತೇ ಇಲ್ಲ. ಈ ವಿಷಯದ ವ್ಯಾಸಂಗದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರೇಬೀಸ್ ನಿವಾರಣೆಗಾಗಿ ದುಡಿಯುವ ವೈದ್ಯರ ಅಖಿಲ ಭಾರತ ಸಂಘವು ೧೯೯೮ರಲ್ಲಿ ಹುಟ್ಟಿದುದು ಅಲ್ಲಿಯೇ. ಆ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ೨೦೦೩ರಲ್ಲಿ ನಡೆಸಿದ ಗಣನೆಯಲ್ಲಿ ದೇಶದ ವಾರ್ಷಿಕ ಮರಣವು ಸುಮಾರು ೨೦,೦೦೦ವೆಂದು ಅಂದಾಜಾಯಿತು. ಭಾರತೀಯ ವೈದ್ಯ ಸಂಶೋಧನಾ ಮಂಡಲಿಯ ಗಣನೆಯಂತೆ, ೨೦೨೪ರಲ್ಲಿ ಪ್ರಕಟವಾದ ಸಂಖ್ಯೆ ಸುಮಾರು ೫,೭೦೦. ಎರಡು ಗಣನೆಗಳ ರೀತಿ ಬೇರೆಯಾದರೂ ದೂರವು ಕಡಮೆಯಾಗುತ್ತಿರುವುದು ಇದರಿಂದ ಸೂಚಿತವಾಗುತ್ತದೆ.

೫

ಹೀಗೆ ಮದ್ದು ಹತ್ತಿರ ಬಂದ ಮೇಲೆ ಬಂಡೀಪುರದ ದಾರಿಯ ಅರ್ಥವೂ ಬದಲಾಯಿತು. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ೨೦೧೬ರಲ್ಲಿ ಅಲ್ಲಿ ಸರಕಾರದ ವೈದ್ಯಕೀಯ ಕಾಲೇಜು ತೆರೆಯಿತು. ೨೦೦೮ರ ನವೆಂಬರಿನಲ್ಲಿ ಕರ್ನಾಟಕ ಸರಕಾರವೂ ಒಂದು ಖಾಸಗಿ ಸಂಸ್ಥೆಯೂ ಕೂಡಿ ೧೦೮ ಎಂಬ ಅಂಕೆಯ ಆರೋಗ್ಯ ಕವಚ ವಾಹನಗಳನ್ನು ಆರಂಭಿಸಿದುವು. ಮರುವರ್ಷ, ೨೦೦೯ರಲ್ಲಿ, ಕಾಡುಮೃಗಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ಚಾಮರಾಜನಗರದ ಜಿಲ್ಲಾಧಿಕಾರಿಗಳು ಈ ಕಾಡಿನ ಎರಡು ಹೆದ್ದಾರಿಗಳಲ್ಲಿಯೂ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ಸಂಚಾರವನ್ನು ನಿಷೇಧಿಸಿದರು. ೨೦೧೦ರ ಮಾರ್ಚಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಈ ನಿಷೇಧದ ಬಗೆಗೆ ವಾದವಿವಾದಗಳು ಬಹಳ. ನಮ್ಮ ವಿಷಯಕ್ಕೆ ಸಂಬಂಧಿಸಿದುದು ಒಂದೇ: ರೋಗಿಗಳನ್ನು ಒಯ್ಯುವ ವಾಹನಗಳಿಗೆ ನಿಷೇಧದಿಂದ ವಿನಾಯಿತಿಯಿತ್ತು. ಆನೆಹುಲಿಗಳಿಗೆ ರಾತ್ರಿಯನ್ನು ಬಿಟ್ಟುಕೊಟ್ಟ ದಾರಿಯು ಗಾಯಗೊಂಡ ಮಗುವಿಗೆ ಮಾತ್ರ ತೆರೆದೇ ಇರಬೇಕೆಂಬುದನ್ನು ಎಲ್ಲ ಪಕ್ಷದವರೂ ಒಪ್ಪಿದರು.

ಕಾಡಿನ ಅಂಚಿನಲ್ಲಿ ಈ ರೋಗದ ನಿವಾರಣೆಗೆ ಇನ್ನೊಂದು ಮುಖವೂ ಉಂಟು. ಹಳ್ಳಿಯ ನಾಯಿಯಿಂದ ಈ ರೋಗವು ನರಿಗೂ ಕಾಡುನಾಯಿಗೂ ಅಂಟಬಲ್ಲುದು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ ೯೯ ಪಾಲು ನಾಯಿಯಿಂದಲೇ ಬರುವುದಾದ್ದರಿಂದ, ಒಂದು ಪ್ರದೇಶದ ನೂರು ನಾಯಿಗಳಲ್ಲಿ ೭೦ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಣಿ ಕಡಿಯುವುದೆಂಬುದು ತಜ್ಞರ ಅಭಿಪ್ರಾಯ. ಗೋವಾ ರಾಜ್ಯದಲ್ಲಿ ಸರಕಾರವೂ ಸ್ವಯಂಸೇವಾ ಸಂಸ್ಥೆಯೂ ಕೂಡಿ ಹಾಗೆ ಮಾಡಿ, ೨೦೧೮ರಿಂದ ಕೆಲವು ವರ್ಷ ಒಂದು ಮರಣವೂ ಆಗದಂತೆ ನೋಡಿಕೊಂಡುವು. ಪಶುವೈದ್ಯನು ನಾಯಿಗೆ ಚುಚ್ಚುವ ಸೂಜಿಯೂ ಮಗುವಿನ ಚಿಕಿತ್ಸೆಯೇ. ಅದು ಗಾಯಕ್ಕಿಂತ ಮುಂಚೆ ನಡೆಯುವುದೊಂದೇ ವ್ಯತ್ಯಾಸ. ಕರ್ನಾಟಕವು ೨೦೨೨ರಲ್ಲಿ ಮನುಷ್ಯರ ರೇಬೀಸನ್ನು ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಿದುದು ಇದೇ ಕಾರ್ಯಕ್ಕೆ ಪೂರಕವಾದುದು.

೬

ಪ್ಯಾರಿಸ್, ಕಸೌಲಿ, ಕೂನೂರು, ಜಿಲ್ಲಾಕೇಂದ್ರ, ತಾಲ್ಲೂಕು ಕೇಂದ್ರ, ಹೀಗೆ ಮದ್ದು ನೂರಮೂವತ್ತು ವರ್ಷಗಳಲ್ಲಿ ಮಗುವಿನ ಕಡೆಗೆ ನಡೆದುಬಂದಿದೆ. ಕೊನೆಯ ಸ್ವಲ್ಪ ದೂರವನ್ನು ಮಾತ್ರ ಸರಕಾರದ ವಾಹನವಾಗಲಿ ವಿಜ್ಞಾನಿಯ ಶೋಧನೆಯಾಗಲಿ ಕ್ರಮಿಸಲಾರದು. ಅದು ಮಗುವಿನ ಬಾಯಿಂದ ದೊಡ್ಡವರ ಕಿವಿಗೆ ಇರುವ ದೂರ. ನಾಯಿಮರಿಯೊಡನೆ ಆಡುವಾಗ ಪರಚಿದ ಗೀರನ್ನು ಬೈಗುಳಿಗೆ ಹೆದರಿ ಹೇಳದೆ ಇರುವ ಮಗುವಿಗೆ, ಹತ್ತು ಮಾರು ದೂರದ ಆಸ್ಪತ್ರೆಯೂ ಪ್ಯಾರಿಸಿನಷ್ಟೇ ದೂರ.

ಹೇಳಿದ ಮಗುವಿಗೆ ಮೊದಲು ಆಗಬೇಕಾದುದು ಗಾಯವನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ ೧೫ ನಿಮಿಷ ತೊಳೆಯುವುದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿಗಳನ್ನು ಮೆತ್ತಕೂಡದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಿ, ಲಸಿಕೆಯನ್ನೂ, ರಕ್ತ ಬಂದ ಗಾಯವಾದರೆ ಗಾಯದೊಳಕ್ಕೆ ಕೊಡುವ ಪ್ರತಿವಿಷವನ್ನೂ ಪಡೆಯಬೇಕು. ಗಾಯದಲ್ಲಿಯೇ ವಿಷವನ್ನು ತಡೆಯಬೇಕೆಂದ ಸುಶ್ರುತನ ಆಶಯಕ್ಕೆ ಸಾಬೂನು ನೀರು ಒದಗಿಬಂದಿರುವುದು ಚರಿತ್ರೆಯ ಒಂದು ಸೊಗಸು.

ಮಂಗರಾಜನು ತನ್ನ ಕಾಲದ ವಿಷವೈದ್ಯವನ್ನು ಜನರ ಬಾಯಿಗೆ ಬರುವಂತೆ ಕನ್ನಡಿಸಿದನು. ಇಂದಿನ ವಿಷವೈದ್ಯವು ಅದಕ್ಕಿಂತ ಸರಳ. ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ. ಕಡಿದರೆ ಹೇಳು, ತೊಳೆ, ಆಸ್ಪತ್ರೆಗೆ ಹೋಗು. ಆಸ್ಪತ್ರೆಯೂ ಪಶುವೈದ್ಯ ಇಲಾಖೆಯೂ ಊರಿನ ಪಂಚಾಯಿತಿಯೂ ಕೈಗೂಡಿಸಿರುವ ಈ ಕಾರ್ಯದಲ್ಲಿ ಶಾಲೆಯ ಉಪಾಧ್ಯಾಯರ ಪಾಲು ಇಷ್ಟು: ಆ ಮೂರು ವಾಕ್ಯಗಳು ಪ್ರತಿಯೊಂದು ಮಗುವಿಗೂ ಬಾಯಿಗೆ ಬರುವಂತೆ ಮಾಡುವುದು, ಮತ್ತು ಹೇಳಿದ ಮಗುವನ್ನು ಯಾರೂ ಗದರಿಸದಂತೆ ನೋಡಿಕೊಳ್ಳುವುದು.