ಪುರಂದರದಾಸರು

ಪುರಂದರದಾಸರು (1484–1564): ವಿಜಯನಗರ ಕಾಲದ ಹರಿದಾಸರು, ವಾಗ್ಗೇಯಕಾರರು, 'ಕರ್ನಾಟಕ ಸಂಗೀತ ಪಿತಾಮಹ'ರೆಂದು ಪ್ರಸಿದ್ಧರು. ಮೊದಲ ಹೆಸರು ಶ್ರೀನಿವಾಸ ನಾಯಕ, ಲೇವಾದೇವಿಯ ಸಿರಿವಂತರು. ಬೇಡಿ ಬಂದ ಬಡ ಬ್ರಾಹ್ಮಣನಿಗೆ ಹೆಂಡತಿ ಸರಸ್ವತಿ ಬಿಚ್ಚಿಕೊಟ್ಟ ಮೂಗುತಿಯೇ ಅವರ ಬದುಕನ್ನು ತಿರುಗಿಸಿತೆಂದು ಐತಿಹ್ಯ. ಇದ್ದದ್ದನ್ನೆಲ್ಲ ದಾನಮಾಡಿ, ವ್ಯಾಸರಾಯರಿಂದ ದಾಸದೀಕ್ಷೆ ಪಡೆದರು. ಅಂಕಿತ 'ಪುರಂದರ ವಿಠಲ'. ಹುಟ್ಟೂರು ಪುಣೆ ಬಳಿಯ ಪುರಂದರಗಡವೋ ತೀರ್ಥಹಳ್ಳಿ ಸೀಮೆಯೋ ಎಂಬ ಚರ್ಚೆಯಿದೆ.

ಸಂಗೀತಪಾಠದ ಸರಳೆ, ಜಂಟಿವರಸೆ, ಅಲಂಕಾರಗಳ ಕ್ರಮವನ್ನು ರೂಪಿಸಿದವರು ಇವರೇ ಎಂಬುದು ಸಂಪ್ರದಾಯ. ಅದಕ್ಕೆ ಆರಿಸಿದ ರಾಗ ಮಾಯಾಮಾಳವಗೌಳ. ಅದರ ಸ-ರಿ-ಗ-ಮಗಳ ನಡುವಿನ ಅಂತರವೇ ಪ-ದ-ನಿ-ಸಗಳಲ್ಲೂ ಮರುಕಳಿಸುವುದರಿಂದ ಎಳೆಯ ಕಂಠಕ್ಕೆ ಸ್ವರಸ್ಥಾನ ಬೇಗ ಒಲಿಯುತ್ತದೆ. ಮಲಹರಿಯ ಪಿಳ್ಳಾರಿ ಗೀತೆಗಳೂ ಇವರವೇ. ಇಂದಿಗೂ ಮಗು ತೊಡೆಯ ಮೇಲೆ ತಾಳ ಹಾಕುತ್ತ ಮೊದಲು ಹಾಡುವುದು ಅವನ್ನೇ.

ದೇವರನಾಮಗಳಲ್ಲಿ ಹಳೆಯ ವ್ಯಾಪಾರಿಯ ಕಣ್ಣು ಮಾಸಿಲ್ಲ: ಕಲ್ಲುಸಕ್ಕರೆ, ರಾಗಿ, ಬೇವು-ಬೆಲ್ಲಗಳ ಮೂಲಕವೇ ಮಧ್ವಮತದ ಭಕ್ತಿ ಅಡುಗೆಮನೆಯವರೆಗೂ ಬಂತು. ಕನ್ನಡಕ್ಕೆ ಇದು ಎಂಥ ಭಾಗ್ಯ! ತೆಲುಗಿನ ತ್ಯಾಗರಾಜರೂ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಇವರಿಗೆ ನಮಿಸಿದ್ದಾರೆ. ಹಂಪೆಯ ವಿಠಲ ದೇಗುಲದ ಸಮೀಪ, ತುಂಗಭದ್ರೆಯ ಅಂಚಿನಲ್ಲಿರುವ ಪುರಂದರ ಮಂಟಪ ಹೊಳೆ ತುಂಬಿದಾಗ ಮುಳುಗುತ್ತದೆ. ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆಯಂದು.