ಅಯಸ್ಕಾಂತಕ್ಕೆ ಅಂಟುವ ಸ್ಟೀಲು: ಸೈಕಲ್ ಚೌಕಟ್ಟಿನ ಲೋಹದ ಕುರಿತು ಒಂದು ಟಿಪ್ಪಣಿ

ಕನ್ನಡದ ಆಡುಮಾತಿನಲ್ಲಿ ‘ಸ್ಟೀಲು’ ಎಂದರೆ ಅಡುಗೆಮನೆಯ ಸ್ಟೀಲು. ಸ್ಟೀಲ್ ಲೋಟ, ಸ್ಟೀಲ್ ಡಬ್ಬಿ ಎನ್ನುವಾಗ ಯಾರೂ ‘ಸ್ಟೇನ್‌ಲೆಸ್’ ಎಂದು ಸೇರಿಸುವುದಿಲ್ಲ. ಸೈಕಲ್ಲಿನ ಚೌಕಟ್ಟೂ ಉಕ್ಕಿನದೇ. ಆದರೆ ಮಾತಿನಲ್ಲಿ ಅದು ‘ಕಬ್ಬಿಣ’. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ಯಿಸಿದ್ದು 1913ರಲ್ಲಿ. ಲೋಟ, ತಟ್ಟೆ, ಸಿಂಕುಗಳಿಗೆ ಒಗ್ಗಿದ ಆ ಲೋಹ ಸೈಕಲ್ ಚೌಕಟ್ಟಿನಲ್ಲಿ ಇಂದಿಗೂ ಅಪರೂಪ ಏಕೆ? ದುಬಾರಿ ಎಂಬುದು ಅರ್ಧ ಉತ್ತರ. ಉಳಿದರ್ಧ ಲೋಹದ ಒಳರಚನೆಯಲ್ಲಿದೆ.

ಪಾತ್ರೆಗೆ ಬಳಸುವ ಪ್ರಸಿದ್ಧ ದರ್ಜೆ 304. ಅದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರಿದರೆ ಪೊರೆ ತಾನೇ ಮತ್ತೆ ಮೂಡುತ್ತದೆ. ನಿಕಲ್ಲಿನಿಂದಾಗಿ ಒಳರಚನೆ ಆಸ್ಟೆನೈಟ್ ಆಗಿ ನಿಲ್ಲುತ್ತದೆ. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ‘ಒಳ್ಳೇ ಸ್ಟೀಲು’ ಪರೀಕ್ಷಿಸುವ ರೂಢಿಗೆ ಇದೇ ಆಧಾರ. ಆದರೆ ಹದಗಾಸಿ ಮೆದುಗೊಳಿಸಿದ 304ರ ಕನಿಷ್ಠ ಎಳೆತಬಲ ಸುಮಾರು 515 ಮೆಗಾಪಾಸ್ಕಲ್ ಮಾತ್ರ. ಸೈಕಲ್ಲಿಗೆ ಬಳಕೆಯಲ್ಲಿರುವ ಕ್ರೋಮೊಲಿ ಉಕ್ಕು 4130ರದು ಸುಮಾರು 670.

ಈ ಅಂತರ ಎಲ್ಲಿ ಪೆಟ್ಟು ಕೊಡುತ್ತದೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಪೆಡಸುತನವನ್ನು ಅಳೆಯುವ ಯಂಗ್ ಗುಣಾಂಕ ಉಕ್ಕುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ, 190ರಿಂದ 210 ಗಿಗಾಪಾಸ್ಕಲ್. ಬಲ ಎಷ್ಟು ಹೆಚ್ಚಿದರೂ ಪೆಡಸುತನ ಹೆಚ್ಚುವುದಿಲ್ಲ. ಹಾಗಾಗಿ ತೂಕ ಇಳಿಸಬೇಕಾದರೆ ಕೊಳವೆಯ ಗೋಡೆ ತೆಳುವಾಗಬೇಕು, ಪೆಡಸುತನ ಉಳಿಯಲು ವ್ಯಾಸ ಹಿಗ್ಗಬೇಕು. 28.6 ಮಿ.ಮೀ. ವ್ಯಾಸ, 0.9 ಮಿ.ಮೀ. ಗೋಡೆಯ ಕೊಳವೆಯ ಬದಲು 31.8 ಮಿ.ಮೀ. ವ್ಯಾಸ, 0.6 ಮಿ.ಮೀ. ಗೋಡೆಯದನ್ನು ಇಟ್ಟರೆ ತೂಕ ಕಾಲು ಭಾಗ ಇಳಿಯುತ್ತದೆ. ಬಾಗುವುದನ್ನು ತಡೆಯುವ ಪೆಡಸುತನ ಶೇ. 5ರಷ್ಟು ಮಾತ್ರ ತಗ್ಗುತ್ತದೆ. ಆದರೆ ಅದೇ ಹೊರೆಗೆ ಲೋಹದ ಮೇಲಿನ ಒತ್ತಡ ಶೇ. 17ರಷ್ಟು ಏರುತ್ತದೆ. ಉದ್ದಕ್ಕೂ ಒಂದೇ ದಪ್ಪದ ಕೊಳವೆ ಎಂದು ಹಿಡಿದು ಮಾಡಿದ ಲೆಕ್ಕ ಇದು. ತುದಿ ದಪ್ಪ, ನಡು ತೆಳು ಇರುವ ಬಟೆಡ್ ಕೊಳವೆಗಳಲ್ಲಿ ಅಂಕಿ ಬದಲಾದರೂ ದಿಕ್ಕು ಅದೇ. ತೆಳು ಗೋಡೆಗೆ ಬಲಿಷ್ಠ ಲೋಹ ಬೇಕು. ಮೆದು 304ನ್ನು ಬಳಸಿದರೆ ಗೋಡೆ ದಪ್ಪವಾಗುತ್ತದೆ, ಸೈಕಲ್ ಭಾರವಾಗುತ್ತದೆ.

ಬಟೆಡ್ ಕೊಳವೆಗೆ 1897ರಲ್ಲಿ ಪೇಟೆಂಟ್ ಪಡೆದದ್ದು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನ. 1935ರಲ್ಲಿ ‘531’ ಎಂಬ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕಿನಿಂದ ಹೆಸರಾದ ಅದೇ ಸಂಸ್ಥೆ 2000ರ ದಶಕದ ಮಧ್ಯದಲ್ಲಿ ‘953’ ತಂದಿತು. ಇದೂ ಸ್ಟೇನ್‌ಲೆಸ್ಸೇ, ಆದರೆ ಪಾತ್ರೆಯ ಬಳಗದ್ದಲ್ಲ. ಒಳರಚನೆ ಮಾರ್ಟೆನ್ಸೈಟ್, ಹದವಾದ ಶಾಖದಲ್ಲಿ ಇಟ್ಟು ಪಕ್ವಗೊಳಿಸಿದಾಗ ಸೂಕ್ಷ್ಮ ಕಣಗಳು ಮೂಡಿ ಲೋಹ ಗಟ್ಟಿಯಾಗುತ್ತದೆ. ಸಂಸ್ಥೆ ಹೇಳುವ ಎಳೆತಬಲ 1,750 ಮೆಗಾಪಾಸ್ಕಲ್‌ಗೂ ಮೇಲೆ, ಗೋಡೆ 0.3 ಮಿ.ಮೀ.ವರೆಗೂ ತೆಳು. ಇಟಲಿಯ ಕೊಲಂಬಸ್ ಸಂಸ್ಥೆಯ ‘ಎಕ್ಸ್‌ಸಿಆರ್’ ಕೂಡ ಮಾರ್ಟೆನ್ಸೈಟ್ ಬಳಗದ್ದೇ. ಎರಡಕ್ಕೂ ಅಯಸ್ಕಾಂತ ಅಂಟುತ್ತದೆ. ಪಾತ್ರೆ ಅಂಗಡಿಯ ಪರೀಕ್ಷೆಯಲ್ಲಿ ಇವು ‘ಡೂಪ್ಲಿಕೇಟ್’!

ಜೋಡಿಸುವ ಕೆಲಸದಲ್ಲಿ ಇನ್ನಷ್ಟು ತೊಡಕುಗಳಿವೆ. ತುಕ್ಕು ತಡೆಯುವ ಅದೇ ಪೊರೆ, ಕರಗಿದ ಬೆಸುಗೆಲೋಹ ಹರಡದಂತೆಯೂ ತಡೆಯುತ್ತದೆ; ಅದನ್ನು ಕರಗಿಸುವ ಪ್ರಬಲ ಫ್ಲಕ್ಸ್ ಬೇಕು. ಬಿಸಿ ಕಡಿಮೆ ಸಾಕಾಗುವುದರಿಂದ ಹಿತ್ತಾಳೆಗಿಂತ ಬೆಳ್ಳಿ ಬೆಸುಗೆಗೆ ಒಲವು ಹೆಚ್ಚು. ಟಿಗ್ ವೆಲ್ಡಿಂಗ್ ಆದರೆ ಕೊಳವೆಯ ಒಳಗೂ ಆರ್ಗಾನ್ ಅನಿಲ ತುಂಬಬೇಕು. ಇಲ್ಲವಾದರೆ ಬೆಸುಗೆಯ ಹಿಂಬದಿ ಸುಟ್ಟ ಸಕ್ಕರೆಯಂತೆ ಒರಟಾಗುತ್ತದೆ. ಆಸ್ಟೆನೈಟ್ ಬಳಗದಲ್ಲಿ ಮತ್ತೂ ಒಂದು ತೊಂದರೆ: 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ನಿಂತರೆ ಕ್ರೋಮಿಯಂ ಇಂಗಾಲದೊಡನೆ ಕೂಡಿ ಹರಳುಗಳ ಅಂಚಿನಲ್ಲಿ ಕೂರುತ್ತದೆ. ಆಗ ಬೆಸುಗೆಯ ಆಸುಪಾಸಿನಲ್ಲೇ ತುಕ್ಕಿಗೆ ದಾರಿ. ಇಂಗಾಲ ಶೇ. 0.03 ಮೀರದ 304ಎಲ್ ದರ್ಜೆ ಇದನ್ನು ತಪ್ಪಿಸುತ್ತದೆ.

ಹಾಗಾದರೆ ಲಾಭವೇನು? ಸಾದಾ ಉಕ್ಕಿನ ಚೌಕಟ್ಟು ಬಣ್ಣದಡಿಯಲ್ಲಿ ಸಾಯುವುದಕ್ಕಿಂತ ಒಳಗಿನಿಂದ ಸಾಯುವುದು ಹೆಚ್ಚು. ಸೀಟಿನ ಕೊಳವೆಯಲ್ಲಿ ಇಳಿದ ಮಳೆನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಲ್ಲುತ್ತದೆ. ಬಣ್ಣ ಅಲ್ಲಿಗೆ ತಲುಪುವುದಿಲ್ಲ. ಸ್ಟೇನ್‌ಲೆಸ್ಸಿನ ಪೊರೆ ಅಲ್ಲಿಯೂ ಇರುತ್ತದೆ. ಕರಾವಳಿಯ ಮಳೆಗಾಲ ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಚೌಕಟ್ಟಿಗೆ ಬರುವ ಈ ಬಲಿಷ್ಠ ದರ್ಜೆಗಳಲ್ಲಿ ಕ್ರೋಮಿಯಂ ಸಾಮಾನ್ಯವಾಗಿ 304ಕ್ಕಿಂತ ಕಡಿಮೆ, ತುಕ್ಕು ತಡೆಯುವ ಶಕ್ತಿಯೂ ಅಷ್ಟೇ ಕಡಿಮೆ. ಕಡಲ ಗಾಳಿಯ ಮತ್ತು ಬೆವರಿನ ಕ್ಲೋರೈಡ್, ಗಾಳಿಯಾಡದ ಸಂದುಗಳಲ್ಲಿ ಪೊರೆಯನ್ನು ತೂತು ಮಾಡಬಲ್ಲದು. ಬಲ ಮತ್ತು ‘ಸ್ಟೇನ್‌ಲೆಸ್’ತನ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಅಲ್ಯೂಮಿನಿಯಂ ಸೀಟ್‌ಪೋಸ್ಟಿನ ಮಾತಂತೂ ಬೇರೆ. ಉಪ್ಪುನೀರು ಸೇರಿದರೆ ಸ್ಟೇನ್‌ಲೆಸ್-ಅಲ್ಯೂಮಿನಿಯಂ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರ ಬಿಳಿ ಆಕ್ಸೈಡ್ ಉಬ್ಬಿ ಪೋಸ್ಟನ್ನು ಕೊಳವೆಯೊಳಗೇ ಕಚ್ಚಿ ಹಿಡಿಯುತ್ತದೆ. ಚೌಕಟ್ಟಿಗೆ ತುಕ್ಕಿಲ್ಲ ಎಂದು ಗ್ರೀಸ್ ಹಚ್ಚುವುದನ್ನು ಬಿಟ್ಟರೆ ಸೀಟು ಮತ್ತೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.