ಪದ ಪರಿಚಯ: ಹಿಕ್ಕೆ

ಹಿಕ್ಕೆ (ನಾಮಪದ): ಕುರಿ, ಆಡು, ಜಿಂಕೆ, ಇಲಿಗಳ ಉಂಡೆ ಮಲ.

‘ಕುರಿ ಸಗಣಿ’ ಎಂದು ಬರೆಯುವವರು ಹೆಚ್ಚುತ್ತಿದ್ದಾರೆ. ಸಗಣಿ ದನ, ಎಮ್ಮೆಗಳದು. ಲದ್ದಿ ಆನೆ, ಕುದುರೆಗಳದು. ಕುರಿ ಹಾಕುವುದು ಹಿಕ್ಕೆ. ಹೊಲದಲ್ಲಿ ಮಂದೆ ತರುಬಿಸುವ ರೈತನಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಿಲ್ಲ.

ಹಳೆಯ ರೂಪ ಪಿಕ್ಕೆ. ಪಾಲು ಹಾಲಾದಂತೆ ಇದೂ ಹಕಾರಕ್ಕೆ ತಿರುಗಿತು. ತಮಿಳುನಾಡಿನ ಪಾಲಕೋಡಿನಂಥ ಗಡಿಸೀಮೆಯಲ್ಲಿ ಕನ್ನಡದ ಮನೆಯ ಹಿಕ್ಕೆ, ಪಕ್ಕದ ತಮಿಳು ಮನೆಯಲ್ಲಿ ‘ಪುೞುಕ್ಕೈ’. ತಮಿಳಿನ ‘ಪುೞು’ ಎಂದರೆ ನಮ್ಮ ಹುಳುವೇ. ಹಾಗಾದರೆ ಹಿಕ್ಕೆಯೊಳಗೇ ಹುಳುವಿದೆಯೇ? ಕಿವಿಗೆ ಹಿತವಾದ ಊಹೆ, ಅಷ್ಟೆ. ತಮಿಳಿನಲ್ಲಿ ‘ಪಿೞುಕ್ಕೈ’ ಎಂಬ ರೂಪವೂ ಇದೆ, ನಮ್ಮ ಪಿಕ್ಕೆಗೆ ಅದೇ ಹತ್ತಿರ.

ಪದದಲ್ಲಿ ಇಲ್ಲದಿದ್ದರೂ ಪದಾರ್ಥದಲ್ಲಿ ಹುಳುವಿದೆ. ಒಣಗಿ ಉಳಿದ ಪ್ರಾಚೀನ ಹಿಕ್ಕೆಯನ್ನು ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ, ಸೋಸಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಪರಾವಲಂಬಿಗಳ ಮೊಟ್ಟೆಗಳು ಸಿಗಬಹುದು. ಚಾವಟಿ ಹುಳುವಿನ ಮೊಟ್ಟೆಯಂತೂ ಎರಡು ತುದಿಗೂ ಬಿರಡೆ ಹಾಕಿದ ಪುಟ್ಟ ನಿಂಬೆಹಣ್ಣು. ಅಳತೆ, ಆಕಾರಗಳಿಂದಲೇ ಗುರುತು. ಪಳೆಯುಳಿಕೆಯಾಗಿ ಕಲ್ಲಾದ ಮಲಕ್ಕೆ 1829ರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಗ್ರೀಕಿನ ಮಲ, ಕಲ್ಲು ಎರಡನ್ನೂ ಬೆಸೆದು ‘ಕೊಪ್ರೊಲೈಟ್’ ಎಂದು ಹೆಸರಿಟ್ಟ. ಕುರಿಯದಾದರೆ ‘ಹಿಕ್ಕೆಗಲ್ಲು’ ಎನ್ನಲು ನನಗೇನೂ ಸಂಕೋಚವಿಲ್ಲ.

ಬಳ್ಳಾರಿ ಸೀಮೆಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳಗಳ ನವಶಿಲಾಯುಗದ ಬೂದಿದಿಬ್ಬಗಳು ಮಾತ್ರ ಸುಟ್ಟ ಸಗಣಿಯ ರಾಶಿ. ಅಷ್ಟು ಬೆಂಕಿಯಲ್ಲಿ ಮೊಟ್ಟೆ ಉಳಿಯುವುದು ಕಷ್ಟ. ಅಲ್ಲಿ ‘ಸಗಣಿ’ ಎಂಬುದೇ ಸರಿಯಾದ ಮಾತು.